ಫ್ರೂಗಲ್ ಅಂದ್ರೆ ಹೊಗಳಿಕೆನಾ, ಬೈಗುಳನಾ? ಬೀಳ್ಕೊಡುಗೆ ಭಾಷಣಕ್ಕೆ ಬೇಕು

ಸಂಜೆಮಲ್ಲಿಗೆ
ಎಲ್ರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಪದದ ವಿಷಯಕ್ಕೆ ಆಫೀಸಲ್ಲಿ ಜಟಾಪಟಿ ನಡೀತಿದೆ, ತಿಳಿದವ್ರು ಹೇಳಿ. ನಮ್ಮ ಡಿಪಾರ್ಟ್‌ಮೆಂಟ್ ಹೆಡ್ ರಿಟೈರ್ ಆಗ್ತಿದಾರೆ, ಬೀಳ್ಕೊಡುಗೆ ಭಾಷಣ ಇಂಗ್ಲಿಷಲ್ಲಿ, ಬರೆಯೋ ಜವಾಬ್ದಾರಿ ನಂದು. ಅವ್ರ ದೊಡ್ಡ ಗುಣ ಅಂದ್ರೆ ಒಂದು ಪೈಸೆನೂ ಪೋಲು ಮಾಡಲ್ಲ. ಒಂದೇ ಕಡೆ ಪ್ರಿಂಟ್ ಆದ ಹಾಳೆ ಸಿಕ್ಕಿದ್ರೆ ಎತ್ತಿಟ್ಕೊಂಡು, ಕತ್ತರಿಸಿ, ಕ್ಲಿಪ್ ಹಾಕಿ ನೋಟ್‌ಪ್ಯಾಡ್ ಮಾಡ್ಕೊಳೋರು. ಅದೇ ಮನುಷ್ಯ ಹುಡುಗ್ರ ಟ್ರೈನಿಂಗ್ ಅಂದ್ರೆ ಎರಡನೇ ಮಾತಾಡ್ದೆ ಸೈನ್ ಹಾಕೋರು. ಅದಕ್ಕೇ "ಫ್ರೂಗಲ್" ಅಂತ ಬರ್ದಿದೀನಿ. ಪಕ್ಕದ ಸೀಟಿನವ್ರು ಓದಿ "ಅಯ್ಯೋ, ಕೊನೇ ದಿನ ಸ್ಟೇಜ್ ಮೇಲೆ ನಿಲ್ಲಿಸಿ ಜಿಪುಣ ಅಂತ ಕರೀತೀರಾ" ಅಂತಿದಾರೆ. ನನ್ನ ಪ್ರಕಾರ ಅದು ಒಳ್ಳೆ ಪದ. ಯಾರು ಸರಿ? ಬೇರೆ ಪದ ಇದ್ರೂ ಹೇಳಿ.

ಓದುಗ77
ನೀವೇ ಸರಿ. ಫ್ರೂಗಲ್ ಹೊಗಳಿಕೆ. ಜಿಪುಣ ಅಂದ್ರೆ ಸ್ಟಿಂಜಿ ಅಥವಾ ಮೈಸರ್ಲಿ. ಮುಗೀತು.

ನೇರಮಾತು
ಅಷ್ಟು ಸುಲಭಕ್ಕೆ ಮುಗಿಯಲ್ಲ ಗುರು. ಜನ ಒಬ್ಬನ್ನ ಮುಖದ ಮುಂದೆ ಜಿಪುಣ ಅನ್ನೋಕಾಗ್ದೆ ಇದ್ದಾಗ ಫ್ರೂಗಲ್ ಅಂತಾರೆ. ನಾನು ದಿನಾ ಇಂಗ್ಲಿಷಲ್ಲೇ ವ್ಯವಹಾರ ಮಾಡೋನು, "ಓ, ಹಿ ಈಸ್ ವೆರಿ ಫ್ರೂಗಲ್" ಅಂತ ರಾಗ ಎಳೆದು ಹೇಳೋದು ಕೇಳಿದೀನಿ, ಅದು ಹೊಗಳಿಕೆ ಖಂಡಿತ ಅಲ್ಲ. ಪಕ್ಕದ ಸೀಟಿನವ್ರು ಹೇಳೋದ್ರಲ್ಲಿ ಅರ್ಥ ಇದೆ.

ತರಗತಿ_ಟೀಚರ್
ನೇರಮಾತು ಅವ್ರೇ, ರಾಗ ಎಳೆದು ಹೇಳಿದ್ರೆ ಯಾವ ಒಳ್ಳೆ ಪದನೂ ಚುಚ್ಚುತ್ತೆ, "ಬಹಳ ಬುದ್ಧಿವಂತ" ಅಂತ ಎಳೆದು ಹೇಳಿ ನೋಡಿ. ಅದು ದನಿಯ ಗುಣ, ಪದದ್ದಲ್ಲ. ಡಿಕ್ಷನರಿ ಅರ್ಥ ಮತ್ತು ಬಳಕೆ ಎರಡ್ರಲ್ಲೂ ಮನುಷ್ಯರ ಬಗ್ಗೆ ಹೇಳುವಾಗ ಫ್ರೂಗಲ್ ಒಳ್ಳೇ ಕಡೆಗೇ ವಾಲುತ್ತೆ. ಖರ್ಚಲ್ಲಿ ಹಿಡಿತ ಇರೋರು, ದುಂದು ಮಾಡದೋರು ಅಂತ.

ಆದ್ರೆ ಊಟದ ಮುಂದೆ ಬಂದ್ರೆ ಅರ್ಥ ಸ್ವಲ್ಪ ಜಾರುತ್ತೆ, ಅದನ್ನ ಗಮನಿಸಿ. "ಎ ಫ್ರೂಗಲ್ ಮೀಲ್" ಅಂದ್ರೆ ಸರಳವಾದ, ಸ್ವಲ್ಪವೇ ಇರೋ ಊಟ. ಅಲ್ಲಿ ಹೊಗಳಿಕೆನೂ ಇಲ್ಲ ತೆಗಳಿಕೆನೂ ಇಲ್ಲ, ಸಂದರ್ಭ ನೋಡ್ಕೋಬೇಕು. ಸನ್ಯಾಸಿ ಉಂಡ್ರೆ ಅದು ಗುಣ, ಅತಿಥಿಗೆ ಬಡಿಸಿದ್ರೆ ಅದು ಕೊರತೆ.

ನೇರಮಾತು
ನೋಡಿ, ನೀವೇ ಒಪ್ಕೊಂಡ್ರಿ. ಅತಿಥಿಗೆ ಬಡಿಸಿದ್ರೆ ಕೊರತೆ. ಅಂದ್ಮೇಲೆ ಅದು ನಿಖರವಾಗಿ ಒಳ್ಳೆ ಪದ ಅಲ್ಲ.

ತರಗತಿ_ಟೀಚರ್
ಒಪ್ಕೊಂಡಿದ್ದು ಊಟದ ಬಗ್ಗೆ, ಮನುಷ್ಯರ ಬಗ್ಗೆ ಅಲ್ಲ 🙂 ಆ ವ್ಯತ್ಯಾಸಕ್ಕೇ ಪ್ರತ್ಯೇಕ ಪ್ಯಾರಾ ಬರ್ದಿದ್ದು.

ನಿಘಂಟುಹುಳ
ಮೂಲಕ್ಕೆ ಹೋದ್ರೆ ಸಂಜೆಮಲ್ಲಿಗೆ ಅವ್ರ ಪರವಾಗಿ ಒಳ್ಳೆ ಸಾಕ್ಷಿ ಸಿಗುತ್ತೆ. ಲ್ಯಾಟಿನ್‌ನಲ್ಲಿ ಫ್ರುಕ್ಸ್ ಅಂದ್ರೆ ಬೆಳೆ, ಫಲ. ಅದರ ಒಂದು ವಿಭಕ್ತಿ ರೂಪ ಫ್ರುಗಿ, "ಫಲಕ್ಕೆ ಬರೋದು" ಅನ್ನೋ ಥರ. ಆ ರೂಪವೇ ಬರ್ತಾ ಬರ್ತಾ ವಿಶೇಷಣ ಆಗಿ "ಉಪಯೋಗಕ್ಕೆ ಬರೋ, ಯೋಗ್ಯ, ನೆಟ್ಟಗಿರೋ ಮನುಷ್ಯ" ಅನ್ನೋ ಅರ್ಥ ಬಂತು. ಅದರಿಂದ ಫ್ರುಗಾಲಿಸ್, ಇಂಗ್ಲಿಷಿಗೆ 16ನೇ ಶತಮಾನದಲ್ಲಿ ಫ್ರೂಗಲ್. ಅಂದ್ರೆ ಹುಟ್ಟಿದ್ದೇ ದುಡ್ಡು ಉಳಿಸೋ ಅರ್ಥದಲ್ಲಿ ಅಲ್ಲ, ಕೆಲಸಕ್ಕೆ ಬರೋ ಮನುಷ್ಯ ಅನ್ನೋ ಅರ್ಥದಲ್ಲಿ. ಹಣ್ಣು ತಿನ್ನೋ ಪ್ರಾಣಿಗೆ ಫ್ರುಜಿವೋರ್ ಅಂತಾರಲ್ಲ, ಅದೂ ಇದೇ ಬೇರಿಂದ ಬಂದಿದ್ದು, ಫ್ರೂಟ್ ಕೂಡ ಹತ್ತಿರದ ನೆಂಟ.

ಪ್ರಾಚೀನ ರೋಮ್‌ನಲ್ಲಿ ಲೂಸಿಯಸ್ ಕಲ್ಪೂರ್ನಿಯಸ್ ಪೀಸೊ ಅಂತ ಒಬ್ಬ ಇದ್ದ, ಕ್ರಿ.ಪೂ. 133ರಲ್ಲಿ ಕಾನ್ಸಲ್, ಅಂದ್ರೆ ಅಲ್ಲಿನ ಅತಿ ದೊಡ್ಡ ಅಧಿಕಾರಿ, ಆಗಿದ್ದೋನು. ಅವನ ನಡತೆ ನೋಡಿ ಹೆಸರಿನ ಕೊನೆಗೆ ಫ್ರುಗಿ ಅಂತ ಬಿರುದೇ ಸೇರಿತ್ತು. ಕ್ರಿ.ಪೂ. 149ರಲ್ಲಿ, ಪ್ರಾಂತ್ಯಗಳಲ್ಲಿ ಸುಲಿಗೆ ಮಾಡೋ ಅಧಿಕಾರಿಗಳನ್ನ ವಿಚಾರಣೆ ಮಾಡೋಕೆ ಕಾಯಂ ಕೋರ್ಟ್ ಮಾಡಿದ ಕಾನೂನು ತಂದಿದ್ದು ಇವ್ನೇ. ಜನರ ದುಡ್ಡು ಲೂಟಿ ಆಗ್ದೇ ಇರೋ ಹಾಗೆ ನೋಡ್ಕೊಂಡೋನಿಗೆ ಆ ಹೆಸರು ಚೆನ್ನಾಗಿ ಒಪ್ಪುತ್ತೆ. ಇಲಾಖೆ ದುಡ್ಡು ಕಾಪಾಡಿದ ಹೆಡ್‌ಗೂ ಒಪ್ಪುತ್ತೆ.

ಅಲೆಮಾರಿ_ಅಕ್ಷರ
ಎಂಥಾ ಮಾಹಿತಿ ಸರ್! ಈ ಪೀಸೊ ಬಗ್ಗೆ ರೋಮ್‌ನ ಪ್ರಸಿದ್ಧ ವಾಗ್ಮಿ ಸಿಸೆರೊ ಹೇಳೋ ಒಂದು ಕಥೆ ಇದೆ. ಅಲ್ಲಿನ ರಾಜಕಾರಣಿ ಗಾಯಸ್ ಗ್ರಾಕಸ್ ಜನರಿಗೆ ಕಡಿಮೆ ಬೆಲೆಗೆ ಧಾನ್ಯ ಹಂಚೋ ಕಾನೂನು ತಂದಾಗ ಪೀಸೊ ಕಡಕ್ಕಾಗಿ ವಿರೋಧ ಮಾಡಿದ್ದ. ಕಾನೂನು ಪಾಸ್ ಆದ್ಮೇಲೆ ಧಾನ್ಯ ತಗೊಳೋಕೆ ಸಾಲಲ್ಲಿ ಬಂದು ನಿಂತ. ವಿರೋಧ ಮಾಡಿ ಈಗ ಯಾಕ್ ಬಂದೆ ಅಂತ ಗ್ರಾಕಸ್ ಕೇಳಿದ್ದಕ್ಕೆ, ನನ್ನ ಸ್ವತ್ತನ್ನ ನೀನು ಹಂಚೋದು ನಂಗೆ ಇಷ್ಟ ಇಲ್ಲ, ಆದ್ರೆ ಹಂಚೋದಾದ್ರೆ ನನ್ನ ಪಾಲು ಕೇಳ್ತೀನಿ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟನಂತೆ.

ನೇರಮಾತು
ಎರಡು ಸಾವಿರ ವರ್ಷದ ಹಿಂದಿನ ಅರ್ಥ ಇಟ್ಕೊಂಡು ಇವತ್ತಿನ ಭಾಷಣ ಬರೆಯೋಕಾಗುತ್ತಾ? ಹಾಗೆ ನೋಡಿದ್ರೆ ಚೀಪ್ ಅನ್ನೋದು ಹಳೇ ಇಂಗ್ಲಿಷಲ್ಲಿ ಬರೀ ವ್ಯಾಪಾರ ಅಂತ ಇತ್ತು. ಈಗ ಹೆಡ್‌ನ ಚೀಪ್ ಅನ್ನಿ ನೋಡೋಣ. ಇವತ್ತು ಕೇಳೋರ ಕಿವಿಗೆ ಹೇಗೆ ಬೀಳುತ್ತೆ ಅನ್ನೋದೇ ಮುಖ್ಯ.

ನಿಘಂಟುಹುಳ
ಮೂಲವೇ ಅಂತಿಮ ಅಂತ ನಾನು ಹೇಳ್ಲಿಲ್ಲ, ಸಾಕ್ಷಿ ಅಂದೆ. ಮೈಸರ್‌ನ ಮೂಲ ನೋಡಿ, ಲ್ಯಾಟಿನ್‌ನಲ್ಲಿ ದೌರ್ಭಾಗ್ಯದವನು, ದೀನ. ಮಿಸರಬಲ್ ಅದರ ಒಡಹುಟ್ಟು. ಇಂಗ್ಲಿಷಿಗೆ ಬಂದ್ಮೇಲೂ ಅದು ತೆಗಳಿಕೆಯಾಗೇ ಉಳೀತು. ಫ್ರೂಗಲ್ ಯೋಗ್ಯತೆಯಿಂದ ಹೊರಟು ಇವತ್ತಿಗೂ ಮರ್ಯಾದೆ ಉಳಿಸ್ಕೊಂಡಿದೆ. ಚೀಪ್ ದಾರಿ ತಪ್ಪಿದೆ, ನಿಜ, ಪ್ರತಿ ಪದಕ್ಕೂ ಅದರದೇ ಚರಿತ್ರೆ.

ಹೊಸಬ್ರು
ಫ್ರಗಲ್ ಅಂತ ಹೇಳ್ಬೇಕಾ ಫ್ರೂಗಲ್ ಅಂತಾನಾ? ಭಾಷಣ ಅಂದ್ರಲ್ಲ ಅದಕ್ಕೆ ಕೇಳ್ದೆ.

ತರಗತಿ_ಟೀಚರ್
ಫ್ರೂ, ದೀರ್ಘ. ಒತ್ತು ಮೊದಲ ಅಕ್ಷರದ ಮೇಲೆ. ನಾಮಪದ ಫ್ರುಗ್ಯಾಲಿಟಿ ಆದಾಗ ಒತ್ತು "ಗ್ಯಾ" ಮೇಲೆ ಬರುತ್ತೆ.

ಗೇರ್‌ಬಾಕ್ಸ್
ಕಾರ್ ರಿವ್ಯೂ ಓದೋರಿಗೆ ಈ ಡೌಟೇ ಬರಲ್ಲ. ಬ್ರಿಟಿಷ್ ರಿವ್ಯೂಗಳಲ್ಲಿ "ಎ ಫ್ರೂಗಲ್ ಡೀಸೆಲ್ ಎಂಜಿನ್" ಅಂತ ಬರೀತಾರೆ, ಕಮ್ಮಿ ಇಂಧನ ಕುಡಿಯುತ್ತೆ ಅಂತ, ಪಕ್ಕಾ ಪ್ಲಸ್ ಪಾಯಿಂಟ್. ಎಂಜಿನ್‌ಗೆ ಸ್ಟಿಂಜಿ ಅಂತ ಯಾರೂ ಹೊಗಳಲ್ಲ.

ಡೇಟಾದಾಸ
ನನ್ನ ಫೀಲ್ಡಿಂದ ಒಂದು. ಪಾರ್ಸಿಮೋನಿಯಸ್ ಅನ್ನೋ ಪದ ಮನುಷ್ಯರಿಗೆ ಹಾಕಿದ್ರೆ ಬಹುತೇಕ ಬೈಗುಳ, ಕೈ ಬಿಗಿ ಮಾಡೋನು ಅಂತ. ಆದ್ರೆ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ "ಪಾರ್ಸಿಮೋನಿಯಸ್ ಮಾಡೆಲ್" ಅಂದ್ರೆ ದೊಡ್ಡ ಹೊಗಳಿಕೆ, ಕಡಿಮೆ ಪ್ಯಾರಾಮೀಟರ್ ಇಟ್ಕೊಂಡು ಡೇಟಾನ ಚೆನ್ನಾಗಿ ವಿವರಿಸೋದು. ಬಯಾಲಜಿಯವ್ರೂ ಜೀವಿಗಳ ವಂಶವೃಕ್ಷ ಕಟ್ಟುವಾಗ ಅತಿ ಕಡಿಮೆ ಬದಲಾವಣೆ ಬೇಡೋ ವೃಕ್ಷನ ಆರಿಸೋ ವಿಧಾನಕ್ಕೆ ಮ್ಯಾಕ್ಸಿಮಮ್ ಪಾರ್ಸಿಮನಿ ಅಂತಾರೆ.

ಹಿಂದೆ ಒಬ್ಬ ಹುಡುಗನಿಗೆ ಅವನ ಗೈಡ್ ಶಿಫಾರಸು ಪತ್ರ ಬರ್ಕೊಟ್ಟಿದ್ರು, ಅದ್ರಲ್ಲಿ "ಹಿ ಈಸ್ ಎ ಪಾರ್ಸಿಮೋನಿಯಸ್ ಥಿಂಕರ್" ಅಂತ ಇತ್ತು. ಗೈಡ್ ಮನಸಲ್ಲಿದ್ದಿದ್ದು "ಬೇಡದ್ದು ಸೇರಿಸದೆ ಯೋಚಿಸ್ತಾನೆ" ಅಂತ. ಕಮಿಟಿಯಲ್ಲಿ ಇತಿಹಾಸ ವಿಭಾಗದವ್ರೊಬ್ರು "ಯೋಚನೆ ಮಾಡೋಕೂ ಜಿಪುಣತನವಾ" ಅಂತ ಓದ್ಕೊಂಡ್ರು. ಇಂಟರ್‌ವ್ಯೂನಲ್ಲಿ ಅದನ್ನೇ ಕೇಳಿದಾರೆ, ಹುಡುಗ ತಬ್ಬಿಬ್ಬು. ಒಂದೇ ಪತ್ರ, ಇಬ್ರು ಓದುಗ್ರು, ಎರಡು ತದ್ವಿರುದ್ಧ ಅರ್ಥ. ಸಂಜೆಮಲ್ಲಿಗೆ ಅವ್ರೇ, ಅದಕ್ಕೇ ಹೇಳ್ತೀನಿ, ಪದ ಸರಿ ಇದ್ರೆ ಸಾಲ್ದು, ಅದರ ಪಕ್ಕದಲ್ಲಿ ಏನಿಡ್ತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಕನ್ನಡಿ_ಮನೆ
ಥ್ರಿಫ್ಟಿ ಹಾಕಿ ಅಕ್ಕ, ಉಳಿತಾಯ ಮಾಡೋರು ಅಂತ. ಎಲ್ರಿಗೂ ಅರ್ಥ ಆಗುತ್ತೆ.

ಓದುಗ77
ಸ್ಪೆಂಡ್‌ಥ್ರಿಫ್ಟ್ ಕೂಡ ಹಾಕಬಹುದು ಅಲ್ವಾ, ನೋಡಿ ಖರ್ಚು ಮಾಡೋರು ಅಂತ?

ತರಗತಿ_ಟೀಚರ್
ಓದುಗ77 ಅವ್ರೇ ದಯವಿಟ್ಟು ಬೇಡ!! ಸ್ಪೆಂಡ್‌ಥ್ರಿಫ್ಟ್ ಅಂದ್ರೆ ದುಂದುಗಾರ, ಪೂರ್ತಿ ಉಲ್ಟಾ. ಥ್ರಿಫ್ಟ್ ಅನ್ನೋದು ಥ್ರೈವ್‌ಗೆ ಸಂಬಂಧಪಟ್ಟ ಪದ, ಹಿಂದೆ ಅದಕ್ಕೆ ಏಳಿಗೆ, ಕೂಡಿಟ್ಟ ಸಂಪತ್ತು ಅಂತ ಅರ್ಥ ಇತ್ತು. ಆ ಸಂಪತ್ತನ್ನ ಖರ್ಚು ಮಾಡಿ ಮುಗಿಸೋನು ಸ್ಪೆಂಡ್‌ಥ್ರಿಫ್ಟ್. ಪರೀಕ್ಷೆಯಲ್ಲಿ ಮಕ್ಕಳು ಪದೇ ಪದೇ ಎಡವೋ ಜಾಗ ಇದು, ಒಳಗೆ ಥ್ರಿಫ್ಟ್ ಕಂಡ ತಕ್ಷಣ ಉಳಿತಾಯ ಅಂದ್ಕೊಂಡುಬಿಡ್ತಾರೆ.

ಓದುಗ77
ಓಹ್! ಇದು ಗೊತ್ತಿರ್ಲಿಲ್ಲ, ಥ್ಯಾಂಕ್ಸ್ ಮೇಡಂ.

ಅಲೆಮಾರಿ_ಅಕ್ಷರ
ಇದೇ ಥರ ಪ್ರಾಡಿಗಲ್. ಬೈಬಲ್ ಕಥೆ ಕೇಳಿ "ಪ್ರಾಡಿಗಲ್ ಸನ್" ಅಂದ್ರೆ ಮನೆಗೆ ವಾಪಸ್ ಬಂದ ಮಗ ಅಂತ ತುಂಬಾ ಜನ ತಿಳ್ಕೊಂಡಿದಾರೆ. ವರ್ಷಗಳ ನಂತರ ಟೀಮಿಗೆ ಮರಳಿದ ಆಟಗಾರನಿಗೂ ಹಾಗೇ ಬರೀತಾರೆ. ಪ್ರಾಡಿಗಲ್ ಅಂದ್ರೆ ದುಡ್ಡು ಹಾಳು ಮಾಡಿದೋನು, ಕಥೆಯಲ್ಲಿ ಅವನು ವಾಪಸ್ ಬರೋದು ಆಮೇಲಿನ ಮಾತು. ಫ್ರೂಗಲ್‌ಗೆ ಸರಿಯಾದ ವಿರುದ್ಧ ಪದ ಬೇಕಂದ್ರೆ ಇದೇ.

ಹಳೇನಾಣ್ಯ
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಆದ್ರೂ ಹೇಳ್ದೆ ಇರೋಕಾಗ್ತಿಲ್ಲ. ಥ್ರಿಫ್ಟ್ ಅಂತ ಒಂದು ಗಿಡನೂ ಇದೆ, ಸಮುದ್ರ ತೀರದ ಬಂಡೆಗಳ ಮೇಲೆ ಬೆಳೆಯೋದು, ಗುಲಾಬಿ ಬಣ್ಣದ ಉಂಡೆ ಉಂಡೆ ಹೂವು. 6ನೇ ಜಾರ್ಜ್ ಕಾಲದ ಬ್ರಿಟಿಷ್ ಹಿತ್ತಾಳೆ ಬಣ್ಣದ ಮೂರು ಪೆನ್ನಿ ನಾಣ್ಯದ ಹಿಂದುಗಡೆ, 1937ರಿಂದ 1952ರವರೆಗೆ, ಇದೇ ಗಿಡ ಇದೆ. ಹನ್ನೆರಡು ಮೂಲೆಯ ನಾಣ್ಯ ಅದು, ಕೈಗಿಟ್ಕೊಂಡ್ರೆ ಅಂಚು ಬೆರಳಿಗೆ ಗೊತ್ತಾಗುತ್ತೆ, ಮಧ್ಯದಲ್ಲಿ ಮೂರು ತಲೆಯ ಆ ಗಿಡ. ಉಳಿತಾಯ ಅನ್ನೋ ಪದನ ಚಿತ್ರವಾಗಿ ನಾಣ್ಯದ ಮೇಲೇ ಇಟ್ಟಿದ್ರು. ನನ್ನ ಹತ್ರ ಇರೋ ನಾಣ್ಯಗಳಲ್ಲಿ ನಂಗೆ ತುಂಬಾ ಇಷ್ಟ ಆದದ್ದು ಅದು.

ಕನ್ನಡಿ_ಮನೆ
ಫೋಟೋ ಹಾಕಿ ಸರ್ ಪ್ಲೀಸ್.

ಹಳೇನಾಣ್ಯ
ಸಂಗ್ರಹದ ವಿಭಾಗದಲ್ಲಿ ಹಾಕ್ತೀನಿ, ಇಲ್ಲಿ ಪದದ ಚರ್ಚೆ ನಡೀಲಿ.

ನೇರಮಾತು
ಸರಿ ಪದಕ್ಕೆ ಬರೋಣ. ನನ್ನ ವಾದಕ್ಕೆ ಇನ್ನೊಂದು ಆಧಾರ ಕೊಡ್ತೀನಿ. 2020ರಲ್ಲಿ ಕೋವಿಡ್ ಪರಿಹಾರಕ್ಕೆ ಯುರೋಪಿಯನ್ ಯೂನಿಯನ್ 750 ಬಿಲಿಯನ್ ಯೂರೋ ಫಂಡ್ ಮಾಡುವಾಗ ಆಸ್ಟ್ರಿಯಾ, ಡೆನ್ಮಾರ್ಕ್, ನೆದರ್‌ಲ್ಯಾಂಡ್ಸ್, ಸ್ವೀಡನ್ ನಾಲ್ಕೂ ಸೇರಿ ಅಡ್ಡ ನಿಂತ್ರು, ಸಾಲ ಕೊಡಿ, ಹಾಗೇ ಕೊಡಬೇಡಿ ಅಂತ. ಅವ್ರಿಗೆ ಬಿದ್ದ ಹೆಸರು "ಫ್ರೂಗಲ್ ಫೋರ್". ಕೊನೆಗೆ 500 ಬಿಲಿಯನ್ ಅನುದಾನ 390ಕ್ಕೆ ಇಳೀತು. ಅದು ಏನು, ಸನ್ಮಾನನಾ? ಕಷ್ಟದಲ್ಲಿರೋ ದೇಶಗಳವ್ರು ಅದನ್ನ ಜಿಪುಣತನ ಅಂತಲೇ ಓದಿದ್ರು.

ಅಲೆಮಾರಿ_ಅಕ್ಷರ
ಆದ್ರೆ ಆ ಹೆಸರನ್ನ ಆಸ್ಟ್ರಿಯಾದ ಆಗಿನ ಚಾನ್ಸಲರ್ ಸೆಬಾಸ್ಟಿಯನ್ ಕುರ್ಜ್ ಅದೇ ವರ್ಷ ಫೆಬ್ರವರಿಯಲ್ಲಿ ಪತ್ರಿಕಾ ಲೇಖನದಲ್ಲಿ ತಾನೇ ಬಳಸಿದ್ರಲ್ಲ! ಬೈಗುಳ ಆಗಿದ್ರೆ ತಾವೇ ಹಣೆಗೆ ಅಂಟಿಸ್ಕೊಳ್ತಿದ್ರಾ? ವಿರೋಧಿಗಳು ಬೈಬೇಕು ಅಂದಾಗ ಸ್ಟಿಂಜಿ ಅಂದ್ರು, ಫ್ರೂಗಲ್ ಸಾಕಾಗ್ಲಿಲ್ಲ. ನಿಮ್ಮ ಉದಾಹರಣೆ ನಿಮ್ಮ ವಾದಕ್ಕೇ ಉಲ್ಟಾ ಹೊಡೀತಿದೆ ನೇರಮಾತು.

ನಿಘಂಟುಹುಳ
ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ತೋರಿಸಿಕೊಟ್ಟ ಒಂದು ವಿಷಯ ಇಲ್ಲಿಗೆ ಸರಿಯಾಗಿ ಹೊಂದುತ್ತೆ. ಒಂದೇ ಗುಣಕ್ಕೆ ನಾನು ಆದ್ರೆ ದೃಢ, ನೀನಾದ್ರೆ ಹಠಮಾರಿ, ಅವನಾದ್ರೆ ಮೊಂಡ ಮೂರ್ಖ ಅಂತ ಪದ ಬದಲಾಗುತ್ತೆ ಅಂದಿದ್ರು. ಅದೇ ರೀತಿ ನಾನು ಫ್ರೂಗಲ್, ನೀನು ಟೈಟ್, ಅವನು ಮೈಸರ್. ಗಮನಿಸಿ, ಈ ಸಾಲಲ್ಲಿ ತನಗೆ ಅಂತ ಆರಿಸ್ಕೊಳೋ ಪದ ಫ್ರೂಗಲ್ಲೇ.

ಬೆಳ್ಳಿಚುಕ್ಕಿ
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನೇರಮಾತು ಹೇಳೋದ್ರಲ್ಲೂ ಒಂದು ಎಳೆ ಸತ್ಯ ಇದೆ, ಅದನ್ನ ತಳ್ಳಿಹಾಕ್ಬೇಡಿ. ವ್ಯತ್ಯಾಸ ಇರೋದು ಉಳಿತಾಯದ ಭಾರ ಯಾರ ಮೇಲೆ ಬೀಳುತ್ತೆ ಅನ್ನೋದ್ರಲ್ಲಿ. ತನ್ನ ಖರ್ಚು ತಾನು ಕಮ್ಮಿ ಮಾಡ್ಕೊಂಡ್ರೆ ಫ್ರೂಗಲ್. ಬೇರೆಯವ್ರಿಗೆ ಸಲ್ಲಬೇಕಾದ್ದನ್ನ ಕಡಿತ ಮಾಡಿದ್ರೆ ಸ್ಟಿಂಜಿ. ನಾಲ್ಕು ಜನ ಹೋಟೆಲ್‌ಗೆ ಹೋದಾಗ ತನಗೆ ಕಡಿಮೆ ಬೆಲೆದು ಆರ್ಡರ್ ಮಾಡೋನು ಫ್ರೂಗಲ್, ಎಲ್ರ ಹಾಗೇ ತಿಂದು ಬಿಲ್ ಬಂದಾಗ ಫೋನ್ ಎತ್ಕೊಂಡು ಹೊರಗೆ ಹೋಗೋನು ಚೀಪ್. ಇಬ್ರ ದುಡ್ಡೂ ಉಳೀತು. ಇಬ್ರಿಗೂ ಒಂದೇ ಪದ ಹಾಕೋಕಾಗುತ್ತಾ?

ಯುರೋಪಿನ ಜಗಳನೂ ಅದೇ. ನಾಲ್ಕು ದೇಶದವ್ರು "ನಮ್ಮ ತೆರಿಗೆದಾರರ ದುಡ್ಡು, ನಾವು ಹಿಡಿತ ಇಟ್ವಿ" ಅಂದ್ರು, ಆ ಕಡೆಯವ್ರು "ನಮಗೆ ಬರಬೇಕಾದ್ದು ಹಿಡಿದಿಟ್ರಿ" ಅಂದ್ರು. ಪದದ ಬಗ್ಗೆ ಜಗಳ ಇರ್ಲಿಲ್ಲ, ದುಡ್ಡು ಯಾರದು ಅನ್ನೋದ್ರ ಬಗ್ಗೆ ಇತ್ತು.

ಸಂಜೆಮಲ್ಲಿಗೆ, ನಿಮ್ಮ ಹೆಡ್ ತಮ್ಮ ನೋಟ್‌ಪ್ಯಾಡ್‌ಗೆ ಹಳೇ ಹಾಳೆ ಬಳಸಿದ್ರು, ಹುಡುಗ್ರ ಟ್ರೈನಿಂಗ್‌ಗೆ ಕೈ ಬಿಗಿ ಮಾಡ್ಲಿಲ್ಲ. ಈ ಎರಡನೇ ಮಾತು ಭಾಷಣದಲ್ಲಿ ಬರ್ಲೇಬೇಕು. ಅದು ಬಂದ್ರೆ ಫ್ರೂಗಲ್‌ನ ಯಾರೂ ತಪ್ಪು ತಿಳ್ಕೊಳಲ್ಲ.

ಗೇರ್‌ಬಾಕ್ಸ್
ಬೆಳ್ಳಿಚುಕ್ಕಿ ಅವ್ರ ಕಾಮೆಂಟ್‌ಗೆ ನೂರು ಲೈಕ್.

ನೇರಮಾತು
ಬೆಳ್ಳಿಚುಕ್ಕಿ ಹೇಳಿದ್ದು ಒಪ್ತೀನಿ. ಆದ್ರೂ ಕಂಪನಿಗಳು ಈ ಪದ ಬಳಸೋ ರೀತಿ ನಂಗೆ ಹಿಡಿಸಲ್ಲ. ಅಮೆಜಾನ್‌ನವ್ರ ಲೀಡರ್‌ಶಿಪ್ ತತ್ವಗಳಲ್ಲಿ ಫ್ರುಗ್ಯಾಲಿಟಿ ಅಂತಲೇ ಒಂದಿದೆ, ಕಡಿಮೆಯಲ್ಲಿ ಹೆಚ್ಚು ಸಾಧಿಸಿ ಅಂತ. ಶುರುವಿನ ದಿನಗಳಲ್ಲಿ ಬಾಗಿಲಿನ ಹಲಗೆಗೆ ಕಾಲು ಹೊಡೆದು ಡೆಸ್ಕ್ ಮಾಡ್ಕೊಂಡಿದ್ರು ಅನ್ನೋದು ಎಲ್ರಿಗೂ ಗೊತ್ತಿರೋದೇ, ಮಾಲೀಕನೂ ಅದೇ ಡೆಸ್ಕಲ್ಲಿ ಕೂತಾಗ ಆ ಪದಕ್ಕೆ ತೂಕ ಇರುತ್ತೆ. ಯಾವುದೇ ಕಂಪನಿಲಿ ಮೇಲಿನವ್ರಿಗೆ ಎಲ್ಲ ಸವಲತ್ತೂ ಇದ್ದು ಕೆಳಗಿನವ್ರಿಗೆ ಮಾತ್ರ "ಫ್ರೂಗಲ್ ಆಗಿರಿ" ಅಂದ್ರೆ, ಬೆಳ್ಳಿಚುಕ್ಕಿ ಲೆಕ್ಕದಲ್ಲೇ ಅದು ಬೇರೆ ಪದ.

ಡೇಟಾದಾಸ
ಇದನ್ನ ನಾನೂ ಒಪ್ತೀನಿ.

ಹೊಸಬ್ರು
ಎಕನಾಮಿಕಲ್ ಆಗಲ್ವಾ?

ತರಗತಿ_ಟೀಚರ್
ಆಗುತ್ತೆ, ಆದ್ರೆ ವಸ್ತು, ವಿಧಾನ, ಗಾಡಿ ಇವಕ್ಕೆ ಹೆಚ್ಚು ಒಪ್ಪುತ್ತೆ. ಮನುಷ್ಯರಿಗೆ ಹಾಕಿದ್ರೆ ಸ್ವಲ್ಪ ಒಣ. ಜೊತೆಗೆ "ಎಕನಾಮಿಕಲ್ ವಿತ್ ದಿ ಟ್ರೂತ್" ಅಂತ ಒಂದು ನುಡಿಗಟ್ಟು ಇದೆ, ಪೂರ್ತಿ ಸತ್ಯ ಹೇಳದೆ ಜಾರಿಕೊಳ್ಳೋದಕ್ಕೆ. 1986ರಲ್ಲಿ ಬ್ರಿಟನ್ನಿನ ಕ್ಯಾಬಿನೆಟ್ ಸೆಕ್ರೆಟರಿ ರಾಬರ್ಟ್ ಆರ್ಮ್‌ಸ್ಟ್ರಾಂಗ್ ಆಸ್ಟ್ರೇಲಿಯಾದ ಕೋರ್ಟಲ್ಲಿ ಸಾಕ್ಷಿ ಹೇಳುವಾಗ ಆ ಥರ ಅಂದು ಅದು ಮನೆಮಾತಾಯ್ತು. ಭಾಷಣದಲ್ಲಿ ಎಕನಾಮಿಕಲ್ ವಿತ್ ಅಂತ ಶುರು ಮಾಡಿದ್ರೆ ಕೆಲವ್ರ ತಲೆಗೆ ಅದೇ ಬರುತ್ತೆ.

ಅಲೆಮಾರಿ_ಅಕ್ಷರ
ಮೀನ್ ಕೂಡ ಬೇಡ. ಬ್ರಿಟನ್ನಲ್ಲಿ ಜಿಪುಣ, ಅಮೆರಿಕದಲ್ಲಿ ಕ್ರೂರಿ, ಎರಡು ಕಡೆನೂ ಕೆಟ್ಟದ್ದೇ. ಮತ್ತೆ ಹಳೇ ಥೆಸಾರಸ್ (ಸಮಾನಾರ್ಥಕ ಪದಗಳ ಕೋಶ) ನೋಡಿ ನಿಗರ್ಡ್ಲಿ ಅಂತ ಯಾರೂ ಆರಿಸ್ಬೇಡಿ. ಅದರ ಅರ್ಥ ಜಿಪುಣ ಅಂತಷ್ಟೇ, ಕಪ್ಪು ಜನರನ್ನ ಹೀನಾಯ ಮಾಡೋ ಬೈಗುಳಕ್ಕೂ ಅದಕ್ಕೂ ಮೂಲದಲ್ಲಿ ಸಂಬಂಧ ಇಲ್ಲ. ಆದ್ರೂ ಕೇಳೋಕೆ ಹತ್ತಿರ ಇರೋದ್ರಿಂದ 1999ರಲ್ಲಿ ವಾಷಿಂಗ್ಟನ್ ಡಿ.ಸಿ. ಮೇಯರ್‌ನ ಸಹಾಯಕರೊಬ್ರು ಬಜೆಟ್ ಮಾತಲ್ಲಿ ಬಳಸಿ ಕೆಲಸಕ್ಕೆ ರಾಜೀನಾಮೆ ಕೊಡಬೇಕಾಯ್ತು, ಆಮೇಲೆ ಮೇಯರ್ ವಾಪಸ್ ಕರೆದ್ರು.

ಓದುಗ77
ರಾಜೀನಾಮೆ ಕೊಡಿಸಿದ್ದು ಅನ್ಯಾಯ ಅಲ್ವಾ? ಅರ್ಥ ಸರಿಯೇ ಇತ್ತಲ್ಲ.

ಬೆಳ್ಳಿಚುಕ್ಕಿ
ಅನ್ಯಾಯವೇ. ಆದ್ರೆ ಕೇಳಿದವ್ರಿಗೆ ಆದ ನೋವೂ ಸುಳ್ಳಲ್ಲ. ಅಷ್ಟು ಪದಗಳಿರುವಾಗ ಅದನ್ನೇ ಹಿಡ್ಕೊಂಡು ಕೂರೋ ಅವಶ್ಯಕತೆ ಇಲ್ಲ.

ಕನ್ನಡಿ_ಮನೆ
2008ರ ಸುಮಾರಿಗೆ ಅಮೆರಿಕದಲ್ಲಿ ಫ್ರೂಗಲಿಸ್ಟಾ ಅಂತ ಒಂದು ಹೊಸ ಪದ ಓಡಾಡ್ತಿತ್ತು, ಕಡಿಮೆ ಖರ್ಚಲ್ಲಿ ಚೆಂದ ಡ್ರೆಸ್ ಮಾಡ್ಕೊಳೋ ಹೆಣ್ಮಕ್ಕಳಿಗೆ. ಆಕ್ಸ್‌ಫರ್ಡ್ ಅಮೆರಿಕನ್ ಡಿಕ್ಷನರಿಯ ವರ್ಷದ ಪದದ ಪಟ್ಟಿಯಲ್ಲೂ ಇತ್ತು. ಹೈಪರ್‌ಮೈಲಿಂಗ್ ಗೆದ್ದಿತ್ತು ಆ ವರ್ಷ.

ಗೇರ್‌ಬಾಕ್ಸ್
ಹೈಪರ್‌ಮೈಲಿಂಗ್ ನಮ್ಮ ಏರಿಯಾ! ಗಾಡಿ ಓಡಿಸೋ ರೀತಿಯಲ್ಲೇ ಇಂಧನ ಉಳಿಸೋದು. ಜೋರಾಗಿ ಆಕ್ಸಿಲರೇಟರ್ ಒತ್ತದೆ, ಸಿಗ್ನಲ್ ಕೆಂಪು ಆಗೋದು ದೂರದಿಂದ್ಲೇ ನೋಡಿ ಕಾಲು ತೆಗೆದು, ಬ್ರೇಕ್ ಕಮ್ಮಿ ಬಳಸಿ. ಎರಡು ಪದಕ್ಕೂ ಒಂದೇ ಮನೋಭಾವ.

ಸಂಜೆಮಲ್ಲಿಗೆ
ಎಲ್ರಿಗೂ ತುಂಬು ಹೃದಯದ ಧನ್ಯವಾದ, ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಪಕ್ಕದ ಸೀಟಿನವ್ರಿಗೂ ಇದೆಲ್ಲ ಓದೋಕೆ ಕೊಟ್ಟೆ. ಅವ್ರು ಪೀಸೊ ಕಥೆ ಓದಿ "ಹಾಗಾದ್ರೆ ಇರ್ಲಿ" ಅಂದಿದಾರೆ, ಟ್ರೈನಿಂಗ್ ವಿಷಯ ಸೇರಿಸಲೇಬೇಕು ಅನ್ನೋ ಷರತ್ತಿನ ಮೇಲೆ. ಈಗ ಬರೆದಿರೋ ಸಾಲು: "ಹಿ ವಾಸ್ ಫ್ರೂಗಲ್ ಆನ್ ಪೇಪರ್ ಅಂಡ್ ಜೆನೆರಸ್ ವಿತ್ ಪೀಪಲ್." ಹೇಗಿದೆ?

ತರಗತಿ_ಟೀಚರ್
ಸೊಗಸಾಗಿದೆ! ಒಂದೇ ತಿದ್ದುಪಡಿ. "ಆನ್ ಪೇಪರ್" ಅಂದ್ರೆ "ಬರೀ ಕಾಗದದ ಮೇಲೆ, ವಾಸ್ತವದಲ್ಲಿ ಅಲ್ಲ" ಅನ್ನೋ ಅರ್ಥ ಕೊಡುತ್ತೆ. "ಫ್ರೂಗಲ್ ವಿತ್ ಪೇಪರ್" ಮಾಡಿ. ಎರಡು ಕಡೆನೂ ವಿತ್ ಬರೋದ್ರಿಂದ ಓದುವಾಗ ಲಯನೂ ಕೂಡುತ್ತೆ.

ನೇರಮಾತು
ವಿತ್ ಮಾಡಿದ್ರೆ ನನ್ನ ತಕರಾರಿಲ್ಲ. ಜೆನೆರಸ್ ಅನ್ನೋ ಪದ ಸ್ವಲ್ಪ ನಿಲ್ಲಿಸಿ ಹೇಳಿ, ಅಲ್ಲಿ ಸ್ಪೀಡ್ ಆಗಿ ಹೋಗ್ಬೇಡಿ. ಮತ್ತೆ ಆ ಕ್ಲಿಪ್ ಹಾಕಿದ ನೋಟ್‌ಪ್ಯಾಡ್ ಒಂದನ್ನ ಕೈಲಿ ಹಿಡ್ಕೊಂಡು, ಭಾಷಣನ ಅದರ ಹಾಳೆ ಮೇಲೇ ಬರ್ಕೊಂಡು ಹೋಗಿ ಮೇಡಂ.

ಹೊಸಬ್ರು
ಸ್ಕ್ರಿಂಪ್ ಅಂದ್ರೇನು? ಅದೂ ಇದೇ ಗುಂಪಾ?

ನಿಘಂಟುಹುಳ
ಅದು ಕ್ರಿಯಾಪದ, ಬೇಕಾದಲ್ಲೂ ಕಮ್ಮಿ ಮಾಡೋದು. ಬಹುತೇಕ "ಸ್ಕ್ರಿಂಪ್ ಅಂಡ್ ಸೇವ್" ಅಂತ ಜೋಡಿಯಾಗಿ ಬರುತ್ತೆ. ಅದಕ್ಕೆ ಬೇರೆ ಥ್ರೆಡ್ ಓಪನ್ ಮಾಡಿ, ಸ್ಕಿಂಪ್‌ಗೂ ಅದಕ್ಕೂ ಇರೋ ವ್ಯತ್ಯಾಸ ಸೇರಿಸಿ ಮಾತಾಡೋಣ.